ದೇವರ ಬಿಂದಿಗೆಯ ಲೆಕ್ಕ

ಭಾನುವಾರ, ಮಾರ್ಚ್ 16. ಬೆಳಿಗ್ಗೆ 6.40ಕ್ಕೆ ಬರೆಯಲು ಕುಳಿತೆ. ಅತ್ತೆ ಹೊರಗೆ ಜಗಲಿಯ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಿದ್ದಾರೆ. ಒಂದು ಕಣ್ಣಿಗೆ ಪಟ್ಟಿ ಇರುವುದರಿಂದ ಹುಳುಕು ಎಲೆಗಳೂ ಪಾತ್ರೆಗೆ ಬೀಳುತ್ತಿವೆ. ನಾನು ಆಮೇಲೆ ಆರಿಸುತ್ತೇನೆ. ಮೊದಲು ಗುರುವಾರದ ಸಂಗತಿ ಬರೆದು ಮುಗಿಸಬೇಕು. ಮೂರು ದಿನ ತಡವಾಗಿದೆ, ನನಗೆ ಇಷ್ಟು ತಡವಾಗುವುದು ಅಪರೂಪ.

ನಾನು ಬೂದಿಕೋಟೆ ಕಡೆಯವಳು. ಬಂಗಾರಪೇಟೆಯಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬಿಸುವ ಅಂಗಡಿಯಲ್ಲಿ ಕೆಲಸ ಸಿಕ್ಕ ಮೇಲೆ, ಮೂರು ವರ್ಷದಿಂದ ನಂದಿದುರ್ಗದ ಹಳೇ ಚಿನ್ನದ ಗಣಿಯ ಲೈನಿನಲ್ಲಿ, ಅಂದರೆ ಕೆಲಸಗಾರರ ಮನೆಸಾಲಿನಲ್ಲಿ, ಇರುವ ಸೋದರತ್ತೆಯ ಮನೆಯಲ್ಲಿದ್ದೇನೆ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಇದು ನನ್ನ ಏಳನೇ ನೋಟ್‌ಬುಕ್. ರೈಲು ಎಷ್ಟು ನಿಮಿಷ ತಡ, ಅಂಗಡಿಗೆ ಎಷ್ಟು ಅರ್ಜಿ ಬಂದವು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬಂತು, ಎಲ್ಲ ಇದರಲ್ಲಿದೆ.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಲೈನಿನಲ್ಲಿ ಇಪ್ಪತ್ತೆರಡು ಮನೆ, ಒಂದು ನಲ್ಲಿ. ನಲ್ಲಿ ಇರುವುದು ಲೈನಿನ ಕೊನೆಯಲ್ಲಿ, ಮುನೇಶ್ವರನ ಗುಡಿಯ ಪಕ್ಕದ ಬೇವಿನ ಮರದ ಕೆಳಗೆ. ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಬಿಡುತ್ತಾರೆ. ಒಂದು ಮನೆಗೆ ಒಂದು ಸರದಿಗೆ ಆರು ಬಿಂದಿಗೆ. ಐದು ಗಂಟೆಯೊಳಗೆ ನಿಂತುಹೋಗುತ್ತದೆ. ನನ್ನ ಲೆಕ್ಕದಲ್ಲಿ ಸಾಮಾನ್ಯವಾಗಿ ಹದಿನೈದು ಮನೆಗೆ ಸಿಗುತ್ತದೆ, ಉಳಿದವರು ಮುಂದಿನ ಸಲ ಸಾಲಿನ ತಲೆಗೆ ಬರುತ್ತಾರೆ. ನೀರು ಬರುವ ದಿನ ಪ್ರತಿ ಮನೆಯವರೂ ತಮ್ಮ ಜಾಗದಲ್ಲಿ ಒಂದೊಂದು ಪ್ಲಾಸ್ಟಿಕ್ ಬಿಂದಿಗೆಯನ್ನು ಬೋರಲು ಹಾಕಿ ಇಡುತ್ತಾರೆ. ಬೋರಲು ಯಾಕೆಂದರೆ ಚಿನ್ನ ತೆಗೆದುಳಿದ ಪುಡಿಯನ್ನು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ ಬಿಳಿ ಧೂಳು ಒಳಗೆ ಕೂರುತ್ತದೆ.

ಈ ಸಾಲಿನ ಯಜಮಾನಿಕೆ ನಮ್ಮ ಅತ್ತೆಯದು. ಯಾರೂ ಕೊಟ್ಟದ್ದಲ್ಲ, ಅದಾಗಿಯೇ ಬಂದದ್ದು. ಯಾರ ನಂತರ ಯಾರು ಎಂಬುದು ಅವರ ತಲೆಯಲ್ಲಿ ಇರುತ್ತದೆ, ಒಂದು ಚೀಟಿ ಇಲ್ಲ. ಅವರ ಕಾನೂನು ಒಂದೇ.

"ಸಾಲಿಂದ ಯಾರೂ ಬಿಂದಿಗೆ ಕೀಳಂಗಿಲ್ಲ, ನಡುವೆ ಯಾರೂ ತೂರಿಸಂಗಿಲ್ಲ. ಬೇಕಾದ್ರೆ ಒಬ್ರ ಜಾಗ್ದಾಗೆ ಇನ್ನೊಬ್ರು ಬದ್ಲಾಯಿಸ್ಕಳಿ. ಜಾಗ ಮಾತ್ರ ಅಲ್ಲಾಡಬಾರ್ದು."

ಇದು ಅನುಭವದಿಂದ ಬಂದ ಮಾತು. ನಾಲ್ಕನೆಯವರು ಬಿಂದಿಗೆ ಕಿತ್ತುಕೊಂಡು ಹೋದರೆ ಹಿಂದಿನ ಹದಿನೆಂಟು ಬಿಂದಿಗೆ ಮುಂದೆ ಸರಿಯಬೇಕು, ಹದಿನೆಂಟು ಜಗಳ ಆಗುತ್ತದೆ. ಬಿಂದಿಗೆ ಬದಲಾದರೆ ಜಗಳ ಆ ಇಬ್ಬರ ನಡುವೆ ಮಾತ್ರ. ಹಾಗಾಗಿ ನಮ್ಮಲ್ಲಿ ಜನ ಮಾತಾಡುವುದು ಜಾಗದ ಲೆಕ್ಕದಲ್ಲಿಯೇ: "ನಂದು ನಾಲ್ಕನೇದು", "ನಂದು ಬಾಲದಿಂದ ಎರಡನೇದು." ಸಾಲಿನ ಮೊಟ್ಟಮೊದಲ ಬಿಂದಿಗೆ ಮುನೇಶ್ವರನದು. ಅದು ತುಂಬಿದ ಮೇಲೆಯೇ ಮಿಕ್ಕವರದು. ಅದರಿಂದ ಗುಡಿಯ ಕಟ್ಟೆ ತೊಳೆಯುತ್ತಾರೆ, ಉಳಿದದ್ದು ದಾರಿಯಲ್ಲಿ ಹೋಗುವವರಿಗೆ ಮತ್ತು ನಾಯಿಗಳಿಗೆ.

ಇನ್ನು ನನ್ನ ಪಾಲಿನ ಕಥೆ. ಜನವರಿಯಿಂದ ರೈಲಿನಲ್ಲಿ ಫೋನ್ ನೋಡಿಕೊಂಡು ಒಂದು ಡೇಟಾಬೇಸ್ ಕಲಿಯುತ್ತಿದ್ದೇನೆ. ಅಡುಗೆಮನೆಯ ಡಬ್ಬಿಗಳ ಹಾಗೆ ಅದು. ಡಬ್ಬಿಯ ಮೇಲೆ ಒಂದು ಹೆಸರು, ಒಳಗೆ ಒಂದು ಸಾಮಾನು. ಹೆಸರನ್ನು ಕೀ ಎನ್ನುತ್ತಾರೆ, ಸಾಮಾನನ್ನು ವ್ಯಾಲ್ಯೂ. ಕೆಲವು ಡಬ್ಬಿಯಲ್ಲಿ ಒಂದೇ ಸಾಮಾನಿರದೆ ಒಂದರ ಹಿಂದೆ ಒಂದು ಸಾಲಾಗಿ ಇಡಬಹುದು. ಆ ಸಾಲಿನಲ್ಲಿ ಒಂದು ಜಾಗದ ಸಾಮಾನನ್ನು ಬದಲಾಯಿಸಲು ಒಂದು ಆಜ್ಞೆ ಇದೆ. ಯಾವ ಡಬ್ಬಿ, ಎಷ್ಟನೇ ಜಾಗ, ಏನು ಇಡಬೇಕು, ಈ ಮೂರು ಹೇಳಿದರೆ ಸಾಕು. ಅಲ್ಲಿದ್ದದ್ದು ಹೋಗಿ ಹೊಸದು ಕೂರುತ್ತದೆ. ಹಿಂದಿನವು ಮುಂದಿನವು ಯಾವುದೂ ಅಲ್ಲಾಡುವುದಿಲ್ಲ. ಇಲ್ಲದ ಜಾಗ ಹೇಳಿದರೆ ಆಗುವುದಿಲ್ಲ ಎನ್ನುತ್ತದೆ. ಬಾಲದಿಂದ ಎಣಿಸಲು ಮೈನಸ್ ಹಾಕಿ ಹೇಳಬಹುದು. ಇದನ್ನು ಓದಿದ ದಿನ ರೈಲಿನಲ್ಲಿ ನಾನೊಬ್ಬಳೇ ನಕ್ಕೆ. ನಮ್ಮ ಅತ್ತೆಯ ಕಾನೂನನ್ನು ಯಾರೋ ಕದ್ದು ಕಂಪ್ಯೂಟರಿಗೆ ಹಾಕಿದ್ದಾರೆ ಅನ್ನಿಸಿತು.

ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾದಾಗ ನಾನೇ ಮುಂದೆ ಬಿದ್ದು ಹೇಳಿದೆ, ಗುರುವಾರದ ಸಾಲು ನಾನು ನೋಡಿಕೊಳ್ಳುತ್ತೇನೆ ಎಂದು. ಮಂಗಳವಾರ, 11ನೇ ತಾರೀಖು, ಬೆಳಿಗ್ಗೆ 7.10ಕ್ಕೆ, ಆಸ್ಪತ್ರೆಗೆ ಹೊರಡುವ ಮುಂಚೆ ಅತ್ತೆ ಜಗಲಿಯಲ್ಲಿ ಕುಳಿತು ಕಣ್ಣು ಮುಚ್ಚಿ ಸಾಲು ಹೇಳಿದರು. ನಾನು ಒಂದೊಂದನ್ನೇ ಹಳೇ ಲ್ಯಾಪ್‌ಟಾಪಿಗೆ ಸೇರಿಸಿದೆ. ಇಪ್ಪತ್ತಮೂರು ಆದವು. ಮುನೇಶ್ವರ ಒಂದು, ಮನೆಗಳು ಇಪ್ಪತ್ತೆರಡು. ಲೆಕ್ಕ ಸರಿ. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ, ಎರಡು ಸಲ ಯಾಕೆ ಎಂದುಕೊಂಡೆ. ಮೂರು ವರ್ಷದಲ್ಲಿ ನಾನು ಬರೆಯದೆ ಬಿಟ್ಟದ್ದು ಅದೊಂದೇ.

ಬುಧವಾರ ಬೆಳಿಗ್ಗೆ ಟೈಲರಕ್ಕ ಬಂದರು. ಅವರು ಲೈನಿನ ನಡುವಿನ ಮನೆಯಲ್ಲಿ ರವಿಕೆ ಹೊಲಿಯುತ್ತಾರೆ. ಹೆರಿಗೆಗೆ ತವರಿಗೆ ಬಂದಿರುವ ಮಗಳಿಗೆ ಶುಕ್ರವಾರ ಸೀಮಂತ.

"ಎಪ್ಪತ್ ಎಲೆ ಆಕ್ಬೇಕು ಅಮ್ಮಣ್ಣಿ. ಡ್ರಮ್ಮಲ್ಲಿ ಮೊಳಕಾಲುದ್ದ ನೀರೈತೆ. ಟ್ಯಾಂಕರಿನೋನು ಶನಿವಾರ ಅಂತಾನೆ. ಶನಿವಾರ ಬಂದ್ರೆ ಎಲೆ ತೊಳ್ಯಾಕೂ ಆಗಲ್ಲ, ಕೈ ತೊಳ್ಯಾಕೂ ಆಗಲ್ಲ. ಕಮ್ಮಿ ಅಂದ್ರೂ ಹತ್ತು ಬಿಂದಿಗೆ ಬೇಕು."

ಅವರ ಜಾಗ ಹತ್ತೊಂಬತ್ತನೆಯದು. ಅಲ್ಲಿಗೆ ನೀರು ಬರುವ ಮಾತೇ ಇಲ್ಲ. ಜೊತೆಯಲ್ಲಿ ಆಟೋ ಓಡಿಸುವ ಅಣ್ಣನೂ ಬಂದಿದ್ದರು. ಅವರದು ನಾಲ್ಕನೇ ಜಾಗ.

"ನನ್ ನಾಲ್ಕನೇದು ಅಕ್ಕನಿಗೆ ಆಕಮ್ಮ, ಅಕ್ಕನ ಹತ್ತೊಂಬತ್ತು ನಂಗಾಕು," ಎಂದರು. "ನಾನು ಒಬ್ನೇ ಇರೋದು. ಸ್ಟ್ಯಾಂಡ್‌ತಾವ ಒಂದು ತಂಬಿಗೇಲಿ ಸ್ನಾನ ಮುಗಿಸ್ತೀನಿ."

"ಅದುಕ್ಕೇ ನಿನ್ನ ಆಟೋಗೆ ಗಿರಾಕಿ ಅತ್ತಲ್ಲ," ಎಂದರು ಟೈಲರಕ್ಕ, ಸಂತೋಷದಿಂದಲೇ.

ನಾನು ಆಗಲೇ ಲ್ಯಾಪ್‌ಟಾಪ್ ತೆರೆದೆ. ಪಾಠದಲ್ಲಿ ಮತ್ತೆ ಮತ್ತೆ ಹೇಳಿದ್ದ ಒಂದು ಎಚ್ಚರಿಕೆ ನೆನಪಿನಲ್ಲಿತ್ತು. ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದೆ, ಮನುಷ್ಯರು ಒಂದರಿಂದ ಎಣಿಸುತ್ತಾರೆ, ಆದ್ದರಿಂದ ಮನುಷ್ಯರು ಹೇಳಿದ್ದರಲ್ಲಿ ಒಂದು ಕಳೆಯಬೇಕು. ನಾಲ್ಕರಲ್ಲಿ ಒಂದು ಹೋದರೆ ಮೂರು. ಮೂರರಲ್ಲಿ ಟೈಲರಕ್ಕನನ್ನು ಇಟ್ಟೆ. ಓಕೆ ಎಂದಿತು. ಹತ್ತೊಂಬತ್ತರಲ್ಲಿ ಒಂದು ಹೋದರೆ ಹದಿನೆಂಟು. ಅಲ್ಲಿ ಆಟೋ ಅಣ್ಣನನ್ನು ಇಟ್ಟೆ. ಅದಕ್ಕೂ ಓಕೆ ಎಂದಿತು. ಮತ್ತೆ ಎಣಿಸಿದೆ, ಇಪ್ಪತ್ತಮೂರೇ ಇದ್ದವು. ಖುಷಿಯಾಗಿ ರೈಲಿಗೆ ಹೋದೆ.

ಗುರುವಾರ ಬೆಳಿಗ್ಗೆ ಪಟ್ಟಿಯನ್ನು ಲೈನಿನ ಫೋನ್ ಗುಂಪಿಗೆ ಕಳಿಸಿದೆ. ಅರ್ಧ ದಿನ ರಜೆ ಹಾಕಿ 1.30ಕ್ಕೆ ವಾಪಸ್ ಬಂದೆ. ಪಟ್ಟಿ ನೋಡಿಕೊಂಡು ಜನ ಬಿಂದಿಗೆ ಇಡತೊಡಗಿದ್ದರು. 2.35ಕ್ಕೆ ಕೋಳಿ ಸಾಕುವ ಅಕ್ಕ ತಮ್ಮ ಹಳದಿ ಬಿಂದಿಗೆ ಹಿಡಿದು ಬಂದರು. ಅವರದು ಗುಂಡಿ ಒತ್ತುವ ಹಳೇ ಫೋನು, ಪಟ್ಟಿ ಅವರಿಗೆ ಹೋಗಿರಲಿಲ್ಲ. ಹೋಗಬೇಕಾದ ಅಗತ್ಯವೂ ಇರಲಿಲ್ಲ, ಅವರ ಜಾಗ ಅವರಿಗೆ ಗೊತ್ತು. ಮೂರನೆಯದು.

"ಅಮ್ಮಣ್ಣಿ, ನನ್ ಜಾಗ್ದಾಗೆ ಈ ಅಸಿರು ಬಿಂದಿಗೆ ಯಾಕ್ ಕುಂತೈತೆ?"

"ಪಟ್ಟೀಲಿ ಅಂಗೇ ಐತಕ್ಕ."

"ನನ್ ಹೆಸ್ರು ಎಲ್ಲೈತೆ ಪಟ್ಟೀಲಿ?"

ಫೋನಿನಲ್ಲಿ ಮೇಲಿಂದ ಕೆಳಗೆ ನೋಡಿದೆ. ಕೆಳಗಿಂದ ಮೇಲೆ ನೋಡಿದೆ. ಅವರ ಹೆಸರು ಇರಲಿಲ್ಲ.

"ಇಲ್ವಾ? ನಾನು ಬದ್ಕಿರೋದು ಪಟ್ಟಿಗೆ ಗೊತ್ತಿಲ್ವಾ? ಮದ್ವೆ ಆಗಿ ಬಂದಾಗ್ನಿಂದ ಇಲ್ಲಿ ನೀರಿಡೀತಾ ಇವ್ನಿ. ನನ್ ಕೋಳಿಗೂ ಗೊತ್ತು ನನ್ ಸರದಿ ಯಾವ್ದು ಅಂತ."

ಅವರು ಸಿಟ್ಟು ಏರಿದಂತೆ ಕನ್ನಡದಿಂದ ತಮಿಳಿಗೆ ಹೋಗುತ್ತಾರೆ, ಅಲ್ಲಿಂದ ತೆಲುಗಿಗೆ. ಅವರು ತಮಿಳು ದಾಟುವಷ್ಟರಲ್ಲಿ ಆಟೋ ಅಣ್ಣ ಬಂದು ತಲೆ ಕೆರೆದುಕೊಂಡರು.

"ನಂದು ಎರಡ್ ಕಡೆ ಐತಲ್ಲಮ್ಮ. ನಾಲ್ಕನೇದೂ ನಂದೇ, ಹದಿನೆಂಟನೇದೂ ನಂದೇ. ನಂಗಿರೋದು ಒಂದೇ ಲೈಸನ್ಸು, ಎರಡ್ ಗಾಡಿ ಎಂಗೆ ಓಡಿಸ್ಲಿ?"

"ನಂದೂ ಎರಡೈತೆ," ಎಂದರು ಟೈಲರಕ್ಕ ಮೆಲ್ಲಗೆ. "ಮೂರನೇದು, ಹತ್ತೊಂಬತ್ತನೇದು. ಸೀಮಂತದ ಮನೆ ಅಂತ ಜಾಸ್ತಿ ಕೊಟ್ಟವ್ರೆ ಅನ್ಕಂಡೆ."

ನಾನು ಹಿಡಿದುಕೊಂಡದ್ದು ನನಗೆ ಗೊತ್ತಿದ್ದ ಒಂದೇ ಹಗ್ಗವನ್ನು. "ಲೆಕ್ಕ ಸರಿಯಾಗೇ ಐತಲ್ಲಕ್ಕ. ಇಪ್ಪತ್ತೆರಡು ಇರ್ಬೇಕು, ಇಪ್ಪತ್ತೆರಡೇ ಐತೆ."

ಕೋಳಿ ಅಕ್ಕ ಹಳದಿ ಬಿಂದಿಗೆಯನ್ನು ಕಂಕುಳಿಗೆ ಸೇರಿಸಿಕೊಂಡರು. "ಗೂಡಲ್ಲಿ ಇಪ್ಪತ್ತೆರಡು ಅಂತ ಎಣಿಸ್ಬುಟ್ಟು ಬಾಗ್ಲಾಕು. ಅದ್ರಾಗೆ ಒಂದು ಬೆಕ್ಕಿದ್ರೂ ಇಪ್ಪತ್ತೆರಡೇ."

ಆ ಮಾತನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ. ಆಗ ಮಾತ್ರ ಹಳೇ ಸಾಲನ್ನು ಹುಡುಕುತ್ತಿದ್ದೆ. ಮೊದಲಿದ್ದ ಸಾಲು ಎಲ್ಲೂ ಉಳಿದಿರಲಿಲ್ಲ. ಆ ಆಜ್ಞೆ ಹೊಸದನ್ನು ಇಡುವಾಗ ಹಳೆಯದು ಯಾರದು ಎಂದು ಹೇಳುವುದಿಲ್ಲ, ಎಲ್ಲೂ ಬರೆದಿಡುವುದೂ ಇಲ್ಲ. ಓಕೆ ಎನ್ನುತ್ತದೆ, ಅಷ್ಟೇ. ನೋಟ್‌ಬುಕ್ಕಿನಲ್ಲಿ ಆ ಪುಟ ಖಾಲಿ. ಅಷ್ಟರಲ್ಲಿ ಬೇರೆಯವರೂ ತಮ್ಮ ಜಾಗದ ಬಗ್ಗೆ ಅನುಮಾನಪಡತೊಡಗಿದರು. ಎರಡು ತಪ್ಪಾಗಿದ್ದರೆ ಹತ್ತು ಯಾಕೆ ತಪ್ಪಾಗಿರಬಾರದು? ಸಾಲು ಒಪ್ಪಿಗೆಯಾಗದೆ ಮನೆಯವರ ಬಿಂದಿಗೆ ನಲ್ಲಿಗೆ ಹಿಡಿಯುವಂತಿಲ್ಲ. ಒಂದು ಗಂಟೆ ಜಗಳವಾದರೆ ಅರ್ಧ ನೀರು ಮೋರಿಗೆ. ಟೈಲರಕ್ಕ ಸೆರಗಿನ ತುದಿಯನ್ನು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

2.52ಕ್ಕೆ ನಲ್ಲಿ ಬುಸುಗುಟ್ಟಿತು. ಗಾಳಿ ಬಂತು, ಆಮೇಲೆ ದಾರದಷ್ಟು ನೀರು. ಯಾರೋ ದೇವರ ಬಿಂದಿಗೆಯನ್ನು ಕೆಳಗೆ ಹಿಡಿದರು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಸಾಮಾನ್ಯವಾಗಿ ಅದು ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ತುಂಬುತ್ತದೆ.

ಆಗ ಅತ್ತೆ ಬಂದರು. ಹಿಂದಿನ ರಾತ್ರಿಯಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ಇನ್ನೊಂದು ಕಣ್ಣಿನ ಪೊರೆ ಇನ್ನೂ ತೆಗೆದಿಲ್ಲ. ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ತಲೆಗೆ ಸೆರಗು ಬಿಗಿದುಕೊಂಡು, ಗೋಡೆ ಹಿಡಿದುಕೊಂಡು ಬರುತ್ತಿದ್ದರು.

"ಮನೇಲಿ ಕುಂತ್ರೆ ಕೋಳಿ ಅಕ್ಕನ ತೆಲುಗು ಕೇಳಿಸ್ತು," ಎಂದರು. "ಏನೋ ದೊಡ್ಡದೇ ಆಗೈತೆ ಅಂತ ಬಂದೆ."

ನಾನು ಏನೂ ಹೇಳುವ ಮುಂಚೆ ಬಗ್ಗಿ ಬಿಂದಿಗೆಗಳ ಬುಡ ಮುಟ್ಟತೊಡಗಿದರು. ಒಂದನೆಯದು, ಎರಡನೆಯದು, ತಲೆ ಆಡಿಸಿದರು. ಮೂರನೆಯದರ ಕುತ್ತಿಗೆಗೆ ಕಟ್ಟಿದ್ದ ಬಟ್ಟೆ ಚೂರು ಕೈಗೆ ಸಿಕ್ಕಿತು.

"ಇದು ಟೈಲರ್‌ದು. ಇಲ್ಯಾಕೈತೆ? ಇಲ್ಲಿ ಸುಟ್ಟು ತೂತ್ ಮುಚ್ಚಿರೋ ಬಿಂದಿಗೆ ಇರ್ಬೇಕು, ಕೋಳಿ ಅಕ್ಕಂದು."

"ನೋಡು, ಕಣ್ಣು ಕಟ್ಟಿರೋರಿಗೆ ನಾನು ಕಾಣಿಸ್ತೀನಿ," ಎಂದರು ಕೋಳಿ ಅಕ್ಕ. ಕನ್ನಡಕ್ಕೆ ವಾಪಸಾಗಿದ್ದರು.

ನಾಲ್ಕನೆಯದನ್ನು ಮುಟ್ಟಿದರು. "ಇದು ಆಟೋದು. ಸ್ಟಿಕ್ಕರ್ ಅಂಟ್ಸವ್ನೆ." ನಾನು ಟೈಲರಕ್ಕನ ಅದಲುಬದಲಿನ ವಿಷಯ ಹೇಳಿದೆ. ಅತ್ತೆ ನೆಟ್ಟಗೆ ನಿಂತರು.

"ನಾನು ಸಾಲು ಎಂಗೇಳಿದ್ದೆ?"

"ಮೊದ್ಲು ಮುನೇಶ್ವರ ಅಂದ್ರಿ, ಆಮೇಲೆ ಮನೆಗಳು."

"ನೀನೇನ್ ಮಾಡ್ದೆ?"

"ನಾಲ್ಕರಲ್ಲಿ ಒಂದು ಕಳೆದೆ. ಕಂಪ್ಯೂಟರು ಸೊನ್ನೆಯಿಂದ ಎಣಿಸ್ತೈತೆ ಅತ್ತೆ."

"ಮತ್ತೆ ನಾವು ಎಲ್ಲಿಂದ ಎಣಿಸ್ತೀವಿ ಅನ್ಕಂಡಿದ್ದೆ? ದೇವ್ರು ಬಿಟ್ಟು ತಾನೆ?"

ಆಗ ನನಗೆ ಹೊಳೆಯಿತು. ನಮ್ಮ ಲೈನಿನವರಿಗೆ ಮುನೇಶ್ವರ ಸೊನ್ನೆಯ ಜಾಗದಲ್ಲಿದ್ದಾನೆ. ಕಂಪ್ಯೂಟರಿನ ಸಾಲಿನಲ್ಲೂ ಅವನು ಸೊನ್ನೆಯಲ್ಲೇ ಇದ್ದ. ಎರಡೂ ಲೆಕ್ಕ ಮೊದಲೇ ಒಂದಾಗಿದ್ದವು. ನಾಲ್ಕು ಎಂದರೆ ನಾಲ್ಕೇ. ನಾನು ಬುದ್ಧಿವಂತಿಕೆಯಿಂದ ಒಂದು ಕಳೆದು ಕೋಳಿ ಅಕ್ಕನನ್ನು ಅಳಿಸಿದ್ದೆ.

"ಅಂಗಾದ್ರೆ ಮೂರೂ ನಾಲ್ಕೂ ಕೆಟ್ಟೈತೆ, ಹದಿನೆಂಟೂ ಹತ್ತೊಂಬತ್ತೂ ಕೆಟ್ಟೈತೆ. ಮಿಕ್ಕಿದ್ದು ಕೆಟ್ಟಿಲ್ಲ. ಯಾರೂ ಬಾಯ್ ಬಿಡ್ಬ್ಯಾಡಿ," ಎಂದು ಹೇಳಿ ಅತ್ತೆ ಬಾಲದ ಕಡೆ ನಡೆದರು. ದಾರಿಯಲ್ಲಿ ಒಂದೊಂದು ಬಿಂದಿಗೆಯನ್ನೂ ಮುಟ್ಟಿ ಅದು ಯಾರದೆಂದು ಹೇಳುತ್ತಾ ಹೋದರು. ಒಂದೂ ತಪ್ಪಲಿಲ್ಲ. ಹದಿನೆಂಟನೆಯದರ ಹತ್ತಿರ ನಿಂತರು. ಅಲ್ಲಿ ಆಟೋ ಅಣ್ಣನ ಎರಡನೇ ಬಿಂದಿಗೆ ಇತ್ತು.

"ಇಲ್ಲಿ ಯಾರು ಇರ್ಬೇಕು ಗೊತ್ತಾ ಅಮ್ಮಣ್ಣಿ?"

ನಾನು ಮತ್ತೆ ಫೋನಿನ ಪಟ್ಟಿ ತೆರೆದೆ.

"ನಾವು," ಎಂದರು. "ನಿನ್ ಮನೇನೇ ಅಳಿಸಾಕಿದ್ದೀಯ. ಇಪ್ಪತ್ತೆರಡೈತೆ ಅಂತ ಸಾಲ್ ಕಾಯ್ತಾ ಕುಂತಿದ್ದೀಯ, ನಮ್ ಬಿಂದಿಗೆ ಬಚ್ಚಲಲ್ಲಿ ಐತೆ."

ಎಲ್ಲರಿಗಿಂತ ಮೊದಲು ನಕ್ಕದ್ದು ಟೈಲರಕ್ಕ. ಆಮೇಲೆ ಇಡೀ ಸಾಲು ನಕ್ಕಿತು. ನಾನು ಓಡಿಹೋಗಿ ನಮ್ಮ ಬಿಂದಿಗೆ ತಂದು ಹದಿನೆಂಟರಲ್ಲಿ ಇಟ್ಟೆ. ಆಟೋ ಅಣ್ಣ ತಮ್ಮದನ್ನು ಹತ್ತೊಂಬತ್ತಕ್ಕೆ ಒಯ್ದರು. ಟೈಲರಕ್ಕನ ಹಸಿರು ಬಿಂದಿಗೆ ನಾಲ್ಕಕ್ಕೆ ಬಂತು, ಕೋಳಿ ಅಕ್ಕನ ಹಳದಿ ಮೂರಕ್ಕೆ. ಅದೇ ಹೊತ್ತಿಗೆ ದೇವರ ಬಿಂದಿಗೆ ತುಂಬಿ ಚೆಲ್ಲಿತು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಆ ದಿನ ನೀರು ಅಷ್ಟು ಸಣ್ಣಗೆ ಬಂದದ್ದರಿಂದಲೇ ಸಾಲು ಸರಿಮಾಡಲು ಪುರುಸೊತ್ತು ಸಿಕ್ಕಿತು.

ಆದರೆ ಅದೇ ಚಿಂತೆಯೂ ಆಯಿತು. ಆಮೇಲೆ ನೀರು ಸ್ವಲ್ಪ ದಪ್ಪವಾದರೂ ಬಿಂದಿಗೆಗೆ ಎರಡು ನಿಮಿಷ ಹಿಡಿಯುತ್ತಿತ್ತು. ಟೈಲರಕ್ಕನಿಗೆ ಸರದಿ ಸಿಗುವುದು ಖಚಿತ, ಆದರೆ ಸರದಿಗೆ ಆರೇ ಬಿಂದಿಗೆ. ಬೇಕಾದದ್ದು ಹತ್ತು.

ಮೂರನೇ ಸರದಿ ಬಂತು. ಕೋಳಿ ಅಕ್ಕ ಒಂದು ಬಿಂದಿಗೆ ಹಿಡಿದರು, ಎರಡು ಹಿಡಿದರು, ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿದರು.

"ಏನೇ ಟೈಲರು, ನಿನ್ ಬಿಂದಿಗೆ ತತ್ತಾ. ನಾಲ್ಕು ತಗೊಂಬಾ."

"ನಿಂಗೆ ಬ್ಯಾಡ್ವಾ ಅಕ್ಕ? ಇಷ್ಟೊತ್ತು ಜಗಳ ಆಡಿದ್ಯಲ್ಲ."

"ಜಗಳ ಆಡಿದ್ದು ನೀರ್ಗಲ್ಲ ಕಣೇ, ಜಾಗಕ್ಕೆ. ನನ್ ಜಾಗ ನಂದಾದ್ಮೇಲೆ ಅದ್ರಾಗೆ ಯಾರ್ ಬಿಂದಿಗೆ ಇಡ್ಬೇಕು ಅನ್ನೋದು ನನ್ನಿಷ್ಟ. ಮಗೀಗೆ ಬಳೆ ತೊಡಿಸ್ವಾಗ ನನ್ನ ಮೊದ್ಲು ಕರಿ, ಮೂರನೇದಾಗ್ ಕರೀಬ್ಯಾಡ."

ಅಲ್ಲಿ ನಾಲ್ಕು, ಟೈಲರಕ್ಕನ ಸರದಿಯಲ್ಲಿ ಆರು. ಹತ್ತು. ಹತ್ತನೆಯದು ತುಂಬಿದಾಗ 3.44. ಟೈಲರಕ್ಕ ಆ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡವರು ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟು ಹೋದರು. ನಾನು ಮಾಡಿದ್ದಕ್ಕೆ ಅದು ಹೆಚ್ಚೇ. ನೀರು 4.43ಕ್ಕೆ ನಿಂತಿತು, ಒಂಬತ್ತನೇ ಜಾಗದವರೆಗೆ ಸಿಕ್ಕಿತ್ತು. ಹದಿನೆಂಟಕ್ಕೂ ಹತ್ತೊಂಬತ್ತಕ್ಕೂ ಬರಲಿಲ್ಲ.

ಶುಕ್ರವಾರ 14. ಸೀಮಂತ ಹನ್ನೊಂದಕ್ಕೆ ಶುರುವಾಯಿತು. ಅಂಗಡಿಗೆ ಎರಡು ಗಂಟೆ ತಡವಾಗಿ ಹೋದೆ, ಬರೆದಿದ್ದೇನೆ. ಎಪ್ಪತ್ತಕ್ಕೆ ಲೆಕ್ಕ ಹಾಕಿದ್ದರು, ಎಂಬತ್ತಮೂರು ಎಲೆ ಎದ್ದವು. ಹುಳಿಯನ್ನ, ಹೆಸರುಬೇಳೆ ಕೋಸಂಬರಿ, ಹೋಳಿಗೆ, ಅನ್ನ ಸಾರು. ನೀರು ಸಾಕಾಯಿತು, ಕೊನೆಗೆ ಒಂದು ಬಿಂದಿಗೆ ಉಳಿಯಿತು ಕೂಡ. ಮೊದಲ ಬಳೆ ತೊಡಿಸಿದ್ದು ಕೋಳಿ ಅಕ್ಕ. ಆಟೋ ಅಣ್ಣ ಊಟಕ್ಕೆ ಬಂದದ್ದು ಖಾಲಿ ಬಿಂದಿಗೆ ಹಿಡಿದುಕೊಂಡು. ಉಳಿದ ಒಂದನ್ನು ಅವರಿಗೇ ಸುರಿದರು.

ಶನಿವಾರ ಸಂಜೆ ಲ್ಯಾಪ್‌ಟಾಪಿನಲ್ಲಿ ಎರಡು ತಿದ್ದುಪಡಿ ಮಾಡಿದೆ. ಒಂದು ಕಳೆಯುವುದನ್ನು ತೆಗೆದುಹಾಕಿದೆ. ಜಾಗ ಬದಲಾಯಿಸುವ ಮುಂಚೆ ಅಲ್ಲಿ ಈಗ ಯಾರಿದ್ದಾರೆ ಎಂದು ಓದಿ, "ಇವರನ್ನು ತೆಗೆದು ಅವರನ್ನು ಇಡಲೇ" ಎಂದು ಕೇಳುವ ಹಾಗೆ ಮಾಡಿದೆ. ಅತ್ತೆಗೆ ಓದಿ ಹೇಳಿದೆ.

"ಕೇಳ್ತೈತಾ? ಒಳ್ಳೇದು," ಎಂದರು. "ಕೇಳ್ದೆ ಯಾರ್ ಬಿಂದಿಗೇನೂ ಮುಟ್ಬಾರ್ದು." ಆಮೇಲೆ ನಾಳೆ ಸೋಮವಾರದ ಸಾಲನ್ನು ಕಣ್ಣು ಮುಚ್ಚಿ ಒಪ್ಪಿಸಿದರು. ನಾನು ಈ ಸಲ ಎರಡು ಕಡೆ ಬರೆದುಕೊಂಡೆ. ಮುನೇಶ್ವರನಿಂದ ಶುರು. ಹತ್ತನೇ ಜಾಗದಲ್ಲಿದ್ದವರು ಒಂದಕ್ಕೆ ಬಂದಿದ್ದಾರೆ, ನಾವು ಒಂಬತ್ತಕ್ಕೆ.

ಇನ್ನೊಂದು ಮಾತು ಬಾಕಿ ಇದೆ. ದೇವರ ಬಿಂದಿಗೆಯನ್ನು ಸಾಲಿನಲ್ಲಿ ಮೊದಲು ಇಟ್ಟು ಎಣಿಕೆಗೆ ಹಿಡಿಯದಿರುವ ಈ ಪದ್ಧತಿ ನಮ್ಮ ಲೈನಿನಲ್ಲಿ ಯಾವಾಗ ಶುರುವಾಯಿತೆಂದು ಅತ್ತೆಗೆ ಗೊತ್ತಿಲ್ಲ. ಅವರ ಅತ್ತೆಯ ಕಾಲದಲ್ಲೂ ಇತ್ತಂತೆ. ಇಲ್ಲಿಯೇ ಇರುವ ಇನ್ನೊಂದು ಗಣಿ, ಮೈಸೂರು ಮೈನ್ಸ್ ಕಡೆಯ ಲೈನುಗಳಲ್ಲಿ ದೇವರನ್ನೂ ಸೇರಿಸಿ ಎಣಿಸುತ್ತಾರೆಂದು ಆಟೋ ಅಣ್ಣ ಹೇಳುತ್ತಾರೆ, ಕೋಳಿ ಅಕ್ಕ ಅದು ಸುಳ್ಳು ಎನ್ನುತ್ತಾರೆ. ನಿಮ್ಮ ಲೈನಿನಲ್ಲಿ ಅಥವಾ ನಿಮ್ಮ ಹಳ್ಳಿಯ ನಲ್ಲಿಯ ಹತ್ತಿರ ಮೊದಲ ಬಿಂದಿಗೆ ಯಾರದು, ಅದನ್ನು ಒಂದು ಎಂದು ಎಣಿಸುತ್ತೀರೋ ಇಲ್ಲವೋ, ತಿಳಿದವರು ದಯವಿಟ್ಟು ಬರೆಯಿರಿ. ಲೈನಿನ ಅಥವಾ ಹಳ್ಳಿಯ ಹೆಸರು ಹಾಕಿ, ಎಷ್ಟು ಮನೆ ಎಂದೂ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಅದಕ್ಕೆಂದು ನಾಲ್ಕು ಪುಟ ಬಿಟ್ಟಿದ್ದೇನೆ.